ಅಕ್ಕಾ, ನನ್ನ ಮೈಗೆ ಏನು ಒಪ್ಪುತ್ತೆ?

ಕೊಡಗಿನ ಗೋಣಿಕೊಪ್ಪದ ನನ್ನ ಹೊಲಿಗೆ ಅಂಗಡಿಯಲ್ಲಿ ಟೇಪು ಕೈಗೆ ತೆಗೆದುಕೊಂಡ ಕೂಡಲೇ ಬರುವ ಪ್ರಶ್ನೆ ಇದು. "ಅಕ್ಕಾ, ನಾನು ದಪ್ಪ ಅಲ್ವಾ, ನನಗೆ ಏನು ಒಪ್ಪುತ್ತೆ?" ದಪ್ಪ ಇಲ್ಲದವರು ಕುಳ್ಳಗಿದ್ದೇನೆ ಅನ್ನುತ್ತಾರೆ. ಎತ್ತರ ಇರುವವರಿಗೆ ಭುಜ ಅಗಲವಾಯಿತೆಂಬ ಚಿಂತೆ. ಈಗಿನ ಹುಡುಗಿಯರು ಫೋನಿನಲ್ಲಿ ಓದಿಕೊಂಡು ಬಂದು "ನಂದು ಪಿಯರ್ ಶೇಪು", ಅಂದರೆ ಮೇಲೆ ಸಣ್ಣ, ಸೊಂಟ ಅಗಲ, ಎಂದೂ ಹೇಳುತ್ತಾರೆ.

ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಇದನ್ನು ಹಾಕಿಕೊಂಡು ಏನು ಮಾಡುತ್ತೀರಿ? ತೋಟದ ಏರು ಹತ್ತುತ್ತೀರಾ, ಮಡಿಕೇರಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುತ್ತೀರಾ, ಮದುವೆಯಲ್ಲಿ ಕುಣಿಯುತ್ತೀರಾ? ಕನ್ನಡಿ ಮುಂದೆ ಕೈ ಕೆಳಗಿಟ್ಟು ನೆಟ್ಟಗೆ ನಿಂತಾಗ ಯಾವ ಬಟ್ಟೆಯೂ ಸುಮಾರಾಗಿ ಚೆನ್ನಾಗಿಯೇ ಕಾಣುತ್ತದೆ. ಹಾಗೆ ನಿಂತುಕೊಂಡೇ ದಿನ ಕಳೆಯುವವರು ಯಾರಿದ್ದಾರೆ?

ನನ್ನ ಅನುಭವದಲ್ಲಿ "ನನಗೆ ಒಪ್ಪಲ್ಲ" ಎಂಬ ದೂರಿನಲ್ಲಿ ಮುಕ್ಕಾಲು ಪಾಲು ಭುಜ ಮತ್ತು ಕಂಕುಳಿನದು. ಮೈಯದಲ್ಲ. ಭುಜದ ಹೊಲಿಗೆ ಮೂಳೆ ಮುಗಿಯುವ ಜಾಗದಲ್ಲೇ ಕೂರಬೇಕು. ಅರ್ಧ ಇಂಚು ಕೆಳಗೆ ಇಳಿದರೂ ಇಡೀ ಬಟ್ಟೆ ಸಾಲ ತಂದದ್ದರ ಹಾಗೆ ಕಾಣುತ್ತದೆ. ಕಂಕುಳಿನ ವಿಷಯದಲ್ಲಂತೂ ಎಲ್ಲರದೂ ಒಂದೇ ಮಾತು: "ಬಿಗಿ ಆಗ್ತದೆ, ಆರ್ಮ್‌ಹೋಲ್ ಸ್ವಲ್ಪ ಕೆಳಗೆ ಬಿಡಿ." ಆರ್ಮ್‌ಹೋಲ್ ಅಂದರೆ ತೋಳು ಕೂಡಿಸುವ ಸುತ್ತು. ಅದನ್ನು ಇಳಿಸುವುದು ಉಲ್ಟಾ ಕೆಲಸ. ಆರ್ಮ್‌ಹೋಲ್ ಕೆಳಗೆ ಹೋದಷ್ಟೂ ತೋಳು ಪಕ್ಕದ ಬಟ್ಟೆಗೆ ಅಂಟಿಕೊಳ್ಳುತ್ತದೆ. ಕೈ ಎತ್ತಿದರೆ ಬ್ಲೌಸ್ ಪೂರ್ತಿ ಮೇಲಕ್ಕೆ ಬರುತ್ತದೆ. ಕಂಕುಳಿಗೆ ಹತ್ತಿರ ಕತ್ತರಿಸಿ, ತೋಳಿನ ಮೇಲ್ಭಾಗಕ್ಕೆ ಸಾಕಷ್ಟು ಬಟ್ಟೆ ಕೊಟ್ಟರೆ ಕೈ ಸಲೀಸಾಗಿ ಏಳುತ್ತದೆ. ನಮ್ಮ ಮದುವೆಗಳಲ್ಲಿ ವಾಲಗ ಶುರುವಾದ ಮೇಲೆ ಕೈ ಕೆಳಗಿಟ್ಟು ಕುಣಿಯುವವರುಂಟೇ? ಅದಕ್ಕೇ ಟ್ರಯಲ್ ನೋಡುವಾಗ ಎರಡೂ ಕೈ ಎತ್ತಿಸುತ್ತೇನೆ. ಕೆಲವರು ನಾಚಿಕೊಳ್ಳುತ್ತಾರೆ. ಆದರೂ ಎತ್ತಿಸುತ್ತೇನೆ.

ಕೊಡವ ಸೀರೆಯ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಹೆದರಿಕೆ ಜಾಸ್ತಿ ಇರುವುದು ಅಲ್ಲೇ. ಇದರಲ್ಲಿ ನೆರಿಗೆ ಹಿಂದೆ ಬರುತ್ತದೆ. ಯಾಕೆ ಎಂದರೆ, ಕಾವೇರಿ ರಭಸದಿಂದ ಹರಿದಾಗ ನೆರಿಗೆ ಹಿಂದಕ್ಕೆ ತಿರುಗಿತು ಎಂದು ನಮ್ಮಲ್ಲಿ ಕಥೆ ಇದೆ. ಹೊಲಿಯುವವಳ ಕಣ್ಣಿಗೆ ಕಾಣುವ ಲಾಭ ಇನ್ನೊಂದು. ಮುಂದೆ ನೆರಿಗೆ ಇಲ್ಲದ್ದರಿಂದ ಕಾಲಿಗೆ ತೊಡರುವುದಿಲ್ಲ. ಹೊಟ್ಟೆಯ ಮೇಲೆ ನೆರಿಗೆಯ ಗಂಟೂ ಇರುವುದಿಲ್ಲ. ಸ್ವಲ್ಪ ಹೊಟ್ಟೆ ಇರುವವರಿಗೆ ಮುಂದೆ ನೆರಿಗೆ ಸಿಕ್ಕಿಸುವ ಸೀರೆಗಿಂತ ಇದೇ ವಾಸಿ. ಸೊಂಟ ಅಗಲ ಇರುವವರು ಮಾತ್ರ ಹಿಂದಿನ ನೆರಿಗೆ ನೋಡಿಕೊಳ್ಳಬೇಕು. ಗಟ್ಟಿ ರೇಷ್ಮೆಯಲ್ಲಿ ಅಗಲ ನೆರಿಗೆ ಹಿಡಿದರೆ ಹಿಂದೆ ಉಬ್ಬುತ್ತದೆ. ಕ್ರೇಪ್, ಜಾರ್ಜೆಟ್, ಮೆತ್ತನೆಯ ರೇಷ್ಮೆಯಲ್ಲಿ ಸಣ್ಣ ನೆರಿಗೆ ಹಿಡಿದು, ಚೆನ್ನಾಗಿ ಒತ್ತಿ ಸಿಕ್ಕಿಸಿದರೆ ನೇರ ಇಳಿಯುತ್ತದೆ. ಕುಳ್ಳಗಿರುವವರಿಗೆ ಸಣ್ಣ ಅಂಚು ಒಳ್ಳೆಯದು. ಆದರೆ ಅಜ್ಜಿಯ ದೊಡ್ಡಂಚಿನ ಸೀರೆ ಉಡಬೇಕೆಂದು ಆಸೆ ಇದ್ದರೆ ಉಟ್ಟುಬಿಡಿ, ಅಂಚು ಅಳೆಯಲು ಯಾರೂ ಬರುವುದಿಲ್ಲ.

ಇನ್ನು ಸೆರಗು. ಅದು ಎಡಗಂಕುಳಿನ ಕೆಳಗಿಂದ ಬಂದು, ಎದೆಯ ಮೇಲೆ ಹಾದು, ಬಲ ಭುಜದಲ್ಲಿ ಪಿನ್ ಆಗುತ್ತದೆ. ಅಂದರೆ ಎಡ ಭುಜ ಮತ್ತು ತೋಳು ಪೂರ್ತಿ ಕಾಣುತ್ತವೆ. ಬೇರೆ ಸೀರೆಯಲ್ಲಿ ಬ್ಲೌಸಿನ ತಪ್ಪನ್ನು ಸೆರಗು ಮುಚ್ಚಿಬಿಡಬಹುದು, ಇಲ್ಲಿ ಆಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಸೀರೆಗೆ ಸಾವಿರ ಕಡಿಮೆ ಹಾಕಿ, ಬ್ಲೌಸಿಗೆ ಒಂದು ಟ್ರಯಲ್ ಜಾಸ್ತಿ ಬನ್ನಿ.

ಭುಜ ಅಗಲ ಎಂದು ಕೊರಗುವವರಲ್ಲಿ ಹಾಕಿ ಆಡಿದ ಹುಡುಗಿಯರೂ ಇದ್ದಾರೆ. ಕೊಡವ ಮನೆತನಗಳು ತಂಡ ಕಟ್ಟಿ ಆಡುವ, 1997ರಲ್ಲಿ ಕರಡದಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದ ನಾಡು ನಮ್ಮದು. ಇಲ್ಲಿ ಗಟ್ಟಿ ಭುಜಕ್ಕೆ ನಾಚಿಕೆ ಯಾಕೆ? ಪಫ್ ತೋಳು ಬೇಡ, ಕುತ್ತಿಗೆ ಸ್ವಲ್ಪ ಇಳಿದು ವಿ ಆಕಾರದಲ್ಲಿರಲಿ, ಸೆರಗಿನ ಪಿನ್ನು ಭುಜದ ತುದಿಗಿಂತ ಕುತ್ತಿಗೆ ಕಡೆಗೆ ಸರಿಯಲಿ. ಅಷ್ಟೇ.

ಗಂಡಸರು ಕೇಳುವುದು ಕುಪ್ಯದ, ಅಂದರೆ ಕೊಡವ ಗಂಡಸರ ಉದ್ದ ಕೋಟಿನ ಬಗ್ಗೆ ಮಾತ್ರ, ಅದೂ ಹೊಟ್ಟೆಯ ಬಗ್ಗೆ. ಕುಪ್ಯದ ಮೇಲೆ ಸುತ್ತುವ ರೇಷ್ಮೆಯ ನಡುಪಟ್ಟಿ, ಚೇಲೆಯನ್ನು, ಹೊಟ್ಟೆಯ ಕೆಳಗೆ ಜಾರಿಸಿ ಕಟ್ಟಬೇಡಿ, ಸೊಂಟದಲ್ಲೇ ಕಟ್ಟಿ. ಭುಜ ಸರಿ ಇದ್ದರೆ ಕುಪ್ಯ ಯಾರನ್ನೂ ಕೆಡಿಸುವುದಿಲ್ಲ.

ದಿನನಿತ್ಯದ ಬಟ್ಟೆಗೆ ನಮ್ಮಲ್ಲಿ ಮೈಗಿಂತ ದೊಡ್ಡ ಯಜಮಾನ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೀನ್ಸ್ ಒಗೆದರೆ ಒಣಗುವ ಭರವಸೆ ಇಲ್ಲ. ಪಲಾಜೊ ಕೆಸರು ಗುಡಿಸುತ್ತದೆ. ಶಾಲೆಗೆ, ಬ್ಯಾಂಕಿಗೆ ಹೋಗುವವರಿಗೆ ನಾನು ಹೇಳುವುದು ಕಣಕಾಲಿನ ಮೇಲೆ ನಿಲ್ಲುವ ಪ್ಯಾಂಟು, ಮಂಡಿಯ ಹತ್ತಿರ ಮುಗಿಯುವ ಕುರ್ತಾ, ಪಕ್ಕದ ಸೀಳು ನಡಿಗೆಗೆ ಸಾಕಾಗುವಷ್ಟು. ಹತ್ತಿಗೆ ಪಾಲಿಯೆಸ್ಟರ್ ಸೇರಿಸಿದ ಮಿಕ್ಸ್ ಬಟ್ಟೆ ಬೇಗ ಒಣಗುತ್ತದೆ. ಒಳಉಡುಪು ಮಾತ್ರ ಹತ್ತಿಯದೇ ಇರಲಿ, ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ. ಅರೆ ಒಣಗಿದ್ದನ್ನು ಹಾಕಿಕೊಂಡರೆ ತುರಿಕೆ ಗ್ಯಾರಂಟಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ಚಳಿ, ಮಧ್ಯಾಹ್ನ ಬಿಸಿಲು. ಒಂದೇ ದಪ್ಪ ಸ್ವೆಟರಿಗಿಂತ ಒಂದರ ಮೇಲೊಂದು ತೆಳುವಾದ ಎರಡು ಹಾಕಿದರೆ ಬೇಕಾದಾಗ ಒಂದನ್ನು ತೆಗೆಯಬಹುದು. ಕೊಯ್ಯುವ ಹೆಂಗಸರು ಸೀರೆಯ ಮೇಲೆ ಉದ್ದ ತೋಳಿನ ಶರ್ಟ್ ಹಾಕುವುದನ್ನು ನೋಡಿದ್ದೀರಲ್ಲ. ಕೆಲಸಕ್ಕೆ ತಕ್ಕ ಬಟ್ಟೆ ಎಂದರೆ ಅದು.

"ಕಪ್ಪು ಹಾಕಿದರೆ ಸಣ್ಣ ಕಾಣ್ತೀನಾ?" ಸ್ವಲ್ಪ ಕಾಣಬಹುದು. ಆದರೆ ಎದೆಯ ಹತ್ತಿರ ಗುಂಡಿ ಎಳೆದು ಬಾಯಿ ಬಿಟ್ಟರೆ ಕಪ್ಪು ಏನೂ ಮಾಡಲಾರದು. ಒಂದು ಸೈಜ್ ದೊಡ್ಡದು ತೆಗೆದುಕೊಂಡು ಪಕ್ಕ ಹಿಡಿಸಿ. ಲೇಬಲ್ಲಿನ ನಂಬರಿಗೆ ಹೆದರಬೇಡಿ, ಒಂದೊಂದು ಕಂಪನಿಯ ಎಲ್ ಒಂದೊಂದು ಥರ ಇರುತ್ತದೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ಬೇಡಿಕೆ. ಅಳತೆಗೆ ಹಳೇ ಬ್ಲೌಸ್ ಕೊಟ್ಟು ಓಡಬೇಡಿ, ಅದು ಆಗಿನ ಮೈ. ಹಬ್ಬದ ದಿನ ಹಾಕುವ ಬ್ರಾ ಹಾಕಿಕೊಂಡೇ ಅಳತೆಗೆ ಬನ್ನಿ. ಒಳಗೆ ಒಂದು ಇಂಚು ಮಾರ್ಜಿನ್ ಬಿಡಿಸಿಕೊಳ್ಳಿ, ಮುಂದೆ ಬಿಚ್ಚಿ ಹೊಲಿಯಲು ಆಗುತ್ತದೆ. ಮತ್ತೆ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಬೇಕಾದದ್ದನ್ನು ಪುತ್ತರಿ ವಾರದಲ್ಲಿ ತರಬೇಡಿ. ಒಂದು ತಿಂಗಳು ಮೊದಲೇ ಬಂದರೆ ಕೈ ಎತ್ತಿಸಿ ನೋಡುವಷ್ಟು ಪುರುಸೊತ್ತು ನನಗೂ ಇರುತ್ತದೆ.