ಸಾಗರದ ಜಗಲಿಯಲ್ಲಿ ಮೂರು ದಿನ

ನನ್ನ ಹೆಂಡತಿಗೆ ಚಿತ್ರ ಕಲಿಯುವ ಆಸೆ. ಎಲ್ಲಿ ಕಾರ್ಯಾಗಾರ ಅಂದರೂ ಹೊರಡುತ್ತಾಳೆ, ಜೊತೆಗೆ ನಾನು. ಅವಳು ಕಲಿಯುವ ಹೊತ್ತಿಗೆ ನಾನು ಊರು ಸುತ್ತುತ್ತೇನೆ. ಈ ಸಲ ಭೂಮಿ ಹುಣ್ಣಿಮೆಗೆ ವಾರವಿರುವಾಗ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಮೂರು ದಿನದ ಹಸೆ ಚಿತ್ತಾರ ಕಲಿಕೆ ಇತ್ತು. ರಾತ್ರಿ ತಾಳಗುಪ್ಪ ರೈಲು ಹತ್ತಿದೆವು, ಬೆಳಗ್ಗೆ ಸಾಗರದಲ್ಲಿ ಇಳಿದೆವು.

ಮೊದಲ ದಿನ ಇಕ್ಕೇರಿಗೆ ಹೋಗಿ ಅಘೋರೇಶ್ವರ ದೇವಸ್ಥಾನ ನೋಡಿ ಬಂದೆ. ಜೋಗ ಮೂವತ್ತೇ ಕಿಲೋಮೀಟರ್, ಆದರೂ ಹೋಗಲಿಲ್ಲ. ಎರಡನೇ ದಿನ ಕಲಿಕೆ ನಡೆಯುತ್ತಿದ್ದ ಮನೆಯ ಜಗಲಿಯಲ್ಲಿ ಕೂತವನು ಅಲ್ಲೇ ಉಳಿದುಬಿಟ್ಟೆ.

ಹಸೆ ಚಿತ್ತಾರ ಇಲ್ಲಿನ ದೀವರ ಸಮುದಾಯದ ಹೆಂಗಸರ ಕೈಯಲ್ಲಿ ಬೆಳೆದ ಕಲೆ. ಮದುವೆ ಬಂತೆಂದರೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬಿಳಿ ಗೆರೆಗಳಲ್ಲಿ ಬರೆಯುತ್ತಾರೆ. ಬಣ್ಣಗಳೆಲ್ಲ ಸುತ್ತಮುತ್ತಲಿಂದಲೇ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಬ್ರಷ್ ಬದಲು ಪುಂಡಿ ನಾರು. ನಗರದ ಅಂಗಡಿಗಳಲ್ಲಿ ಇದೇ ಚಿತ್ತಾರವನ್ನು ಅಕ್ರಿಲಿಕ್‌ನಲ್ಲಿ ಬರೆದು ಮಾರುತ್ತಾರೆ. ನನಗೆ ಆ ಹೊಳಪು ಹಿಡಿಸುವುದಿಲ್ಲ. ಅಕ್ಕಿಯ ಬಿಳುಪು ಒಣಗಿದ ಮೇಲೆ ಕೆಮ್ಮಣ್ಣಿನೊಳಗೇ ಹುಟ್ಟಿದ ಹಾಗೆ ಕಾಣುತ್ತದೆ.

ಕಲಿಸುವವರ ಅತ್ತೆ ಜಗಲಿಯ ಮೂಲೆಯಲ್ಲಿ ಭೂಮಣ್ಣಿ ಬುಟ್ಟಿಗೆ, ಅಂದರೆ ಭೂಮಿ ಹುಣ್ಣಿಮೆಗೆ ಗದ್ದೆಗೆ ಊಟ ಒಯ್ಯುವ ಬುಟ್ಟಿಗೆ, ಚಿತ್ತಾರ ಬರೆಯುತ್ತಿದ್ದರು. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸಿದ್ದರು. ನಾನು ಸುಮ್ನೆ ನೋಡುತ್ತಿದ್ದೆ. ಅವರೇ ಒಂದು ಕಂತೆ ನಾರು ನನ್ನ ಕಡೆ ತಳ್ಳಿದರು.

"ಕೂತ್ಕಂಡೇ ಇದ್ಯಲ್ಲ ತಮ್ಮ, ಇದನ್ನ ಬಿಡಿಸಿ ಕೊಡು."

ನಾರು ಸೀಳುವುದು ಸುಲಭವಲ್ಲ. ದಪ್ಪ ಆದರೆ ಗೆರೆ ಹರಡುತ್ತದೆ, ತೀರ ತೆಳು ಆದರೆ ಬಣ್ಣ ಹಿಡಿಯುವುದಿಲ್ಲ. ನಾನು ಸೀಳಿದ್ದರಲ್ಲಿ ನಾಲ್ಕನ್ನು ಪಕ್ಕಕ್ಕಿಟ್ಟು ಐದನೆಯದನ್ನು ಬಟ್ಟಲಿಗೆ ಅದ್ದಿದರು. ನನಗೆ ತುಂಬಾ ಖುಷಿಯಾಯಿತು.

"ವರ್ಷವೂ ಬರಿಯಬೇಕಾ ಅಮ್ಮ?" ಅಂದೆ.

"ಬರೀದೆ? ಗದ್ದೆ ಈಗ ಬಸ್ರಿ. ಭತ್ತ ಹೊಡೆ ಬಿಟ್ಟದೆ. ಬಸ್ರಿ ಹೆಂಗ್ಸಿಗೆ ಬಯಕೆ ಊಟ ತಗಂಡ್ ಹೋಗೋರು ಹಳೇ ಬುಟ್ಟೀಲಿ ಹೋಗ್ತಾರಾ?"

ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ. ಬೆಳಗಾಗುವ ಮೊದಲು ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಭೂಮಿಗೆ ಬಡಿಸಿ ಬರುತ್ತಾರೆ. ಅದನ್ನು ಹೇಳುವಾಗಲೂ ಅವರ ಕೈ ನಿಲ್ಲಲಿಲ್ಲ. ಗೆರೆಗೆ ಅವರು ಎಳೆ ಅನ್ನುತ್ತಾರೆ. ಒಂದರ ಪಕ್ಕ ಒಂದು, ಅಳತೆಪಟ್ಟಿ ಇಲ್ಲದೆ.

ಆಮೇಲೆ ನನ್ನ ಹೆಂಡತಿ ಕೂತಿದ್ದ ಕಡೆ ತಲೆಯಾಡಿಸಿ ಮೆಲ್ಲಗೆ ಹೇಳಿದರು:

"ನಿನ್ ಹೆಂಡ್ತಿ ಎಳೆ ಎಳಿವಾಗ ಉಸ್ರು ಬಿಡೂದಿಲ್ಲ, ನೋಡಿದ್ಯಾ? ಕೈ ನಿಲ್ತದೆ ಅವಳಿಗೆ. ಕಲೀತಾಳೆ."

ನಾನು ನೋಡಿರಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ. ಎಷ್ಟು ಕಾರ್ಯಾಗಾರಗಳಿಗೆ ಜೊತೆಯಲ್ಲಿ ಹೋಗಿದ್ದೇನೆ. ಅವಳು ಬರೆದು ಮುಗಿಸಿದ್ದನ್ನು ನೋಡಿದ್ದೇನೆಯೇ ಹೊರತು, ಬರೆಯುವುದನ್ನು ಕೂತು ನೋಡಿದ್ದೇ ಇಲ್ಲ. ಈಗ ನೋಡಿದೆ. ನಾರು ಹಾಳೆಗೆ ತಾಗುವ ಮೊದಲು ಒಮ್ಮೆ ಉಸಿರೆಳೆದುಕೊಂಡಳು. ಭುಜ ಹಾಗೇ ನಿಂತಿತು. ಕೈ ಎಡದಿಂದ ಬಲಕ್ಕೆ ನಿಧಾನವಾಗಿ ಹೋಯಿತು. ಗೆರೆ ಮುಗಿದ ಮೇಲೆಯೇ ಭುಜ ಇಳಿದದ್ದು. ಮತ್ತೆ ಇನ್ನೊಂದು ಎಳೆ. ಮಧ್ಯಾಹ್ನ ಅಕ್ಕಿ ರೊಟ್ಟಿಗೆ ಕರೆಯುವವರೆಗೂ ನಾನು ಅದನ್ನೇ ನೋಡಿದೆ. ಮೂರನೇ ದಿನವೂ ಅಷ್ಟೆ.

ವಾಪಸ್ ಬರುವಾಗ ರೈಲಿಗೆ ಟಿಕೆಟ್ ಸಿಗಲಿಲ್ಲ. ಬಸ್ಸಿನಲ್ಲಿ ಬಂದೆವು. ಅವಳು ಬರೆದ ಐದು ಹಾಳೆಗಳನ್ನು ಸುತ್ತಿ ಕೈಯಲ್ಲೇ ಹಿಡಿದಿದ್ದೆ. "ಏನೂ ಆಗಲ್ಲ ಸಾರ್, ಡಿಕ್ಕಿಗೆ ಹಾಕಿ" ಅಂದರು ಕಂಡಕ್ಟರ್. ಹಾಕಿದೆ. ಶಿವಮೊಗ್ಗ ದಾಟುವವರೆಗೂ ಜೋರು ಮಳೆ. ಬೆಂಗಳೂರಿನಲ್ಲಿ ಇಳಿದು ಬಿಚ್ಚಿದರೆ ಡಿಕ್ಕಿಗೆ ನೀರು ನುಗ್ಗಿ ಮೂರು ಹಾಳೆ ಬರೀ ಕೆಂಪು ನೀರಾಗಿದ್ದವು. ನೀರು ತಾಗಿದರೆ ಅಕ್ಕಿಯ ಬಿಳಿ ನಿಲ್ಲುವುದಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಲೆನಾಡಿನಿಂದ ಚಿತ್ತಾರ ತರುವವರು ದಯವಿಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡಡಿ ಪಿವಿಸಿ ಪೈಪು, ಎರಡು ಕಡೆಗೂ ಮುಚ್ಚಳ ತಗೊಂಡು ಹೋಗಿ. ಅದನ್ನೂ ತೊಡೆಯ ಮೇಲೇ ಇಟ್ಟುಕೊಳ್ಳಿ. ಯಾರು ಏನೇ ಹೇಳಿದರೂ ಡಿಕ್ಕಿಗೆ ಕೊಡಬೇಡಿ.

ಅವಳು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಉಳಿದ ಎರಡು ಹಾಳೆಗಳನ್ನು ಫ್ಯಾನಿನ ಕೆಳಗೆ ಹರಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಹಿಡಿ ಅಕ್ಕಿ ನೆನೆಹಾಕಿದಳು. "ರೀ, ಆ ಅಮ್ಮ ಕೊಟ್ಟ ನಾರು ಎಲ್ಲಿಟ್ರಿ?" ಅಂತ ಕೇಳಿದಳು. ನನ್ನ ಅಂಗಿಯ ಜೇಬಿನಲ್ಲೇ ಇತ್ತು. ಸೀಳಿ ಕೊಟ್ಟೆ.

ಈಗ ನಮ್ಮ ಹಾಲ್‌ನ ಗೋಡೆಯಲ್ಲಿ ಒಂದು ಮೊಳ ಜಾಗಕ್ಕೆ ಕೆಮ್ಮಣ್ಣು ಬಳಿದಿದೆ. ಅದರ ಮೇಲೆ ಆರು ಎಳೆ ಆಗಿವೆ. ಉಳಿದದ್ದು ಭಾನುವಾರ.