ಎಡಸಾಲಿನ ಮೂರು ಸಿಲಿಂಡರ್‌ಗಳು: 3.2 ಕ್ಯಾರೆರಾ ಎಂಜಿನ್, ಹನ್ನೊಂದನೆಯ ಟಿಪ್ಪಣಿ

ಕಳೆದ ಸಲ ಎಂಜಿನ್ ಚಾಲೂ ಆದ ಸುದ್ದಿ ಬರೆದು ನಿಲ್ಲಿಸಿದ್ದೆ. ಆ ಸಂತೋಷ ಮೂರು ದಿನ ಉಳಿಯಿತು. ಚೆನ್ನಾಗಿ ಬಿಸಿಯಾದ ಮೇಲೂ ಐಡ್ಲಿಂಗ್ ಸಮನಾಗಲಿಲ್ಲ. ಎಂಜಿನ್ ತುಸು ನಡುಗುತ್ತಲೇ ಇತ್ತು, ಎರಡೂವರೆ ಸಾವಿರ ಸುತ್ತಿಗಿಂತ ಕೆಳಗೆ ಎಳೆತವೇ ಇರಲಿಲ್ಲ. ಒಂದೊಂದು ಬೋಲ್ಟನ್ನೂ ಕೈಯಾರೆ ಬಿಗಿದ ಎಂಜಿನ್ ಹೀಗೆ ನಡುಗಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹೊಸದಾಗಿ ಓದುವವರಿಗೆ ಇಷ್ಟು ಹೇಳಿದರೆ ಸಾಕು. ಗಾಡಿ 1986ರ ಪೋರ್ಷೆ 911 ಕ್ಯಾರೆರಾ; ಗಾಳಿಯಿಂದ ತಣಿಯುವ 3164 ಸಿಸಿಯ ಎಂಜಿನ್. ಆರು ಸಿಲಿಂಡರ್‌ಗಳು ಎಡಕ್ಕೆ ಮೂರು, ಬಲಕ್ಕೆ ಮೂರರಂತೆ ಮಲಗಿರುತ್ತವೆ. ಎರಡೂ ಸಾಲಿಗೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಬೇರೆ ಬೇರೆ ಕ್ಯಾಮ್‌ಶಾಫ್ಟ್, ಅದನ್ನು ತಿರುಗಿಸುವ ಬೇರೆ ಬೇರೆ ಚೈನ್. ಕೆಲಸ ನಡೆಯುತ್ತಿರುವುದು ಸ್ಟುಟ್‌ಗಾರ್ಟ್‌ನ ಹೊರವಲಯದ ಬಾಡಿಗೆ ಗ್ಯಾರೇಜಿನಲ್ಲಿ.

ಮೊದಲ ಅನುಮಾನ ಕಿಡಿಯ ಮೇಲೆ ಹೋಯಿತು. ಕಿಡಿ ಹಾರುವ ಹೊತ್ತನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಎಲ್ಲವೂ ಸರಿಯಾಗಿತ್ತು. ಅದನ್ನು ನೋಡಿ ಕ್ಯಾಮ್ ಟೈಮಿಂಗ್ (ವಾಲ್ವ್‌ಗಳು ತೆರೆದು ಮುಚ್ಚುವ ಹೊತ್ತು) ಕೂಡ ಸರಿಯಿದೆಯೆಂದು ನಂಬಿದ್ದು ನನ್ನ ತಪ್ಪು. ಈ ಎಂಜಿನ್ನಿನಲ್ಲಿ ಕಿಡಿಯ ಹೊತ್ತನ್ನು ಗೊತ್ತುಮಾಡುವುದು ಫ್ಲೈವೀಲ್ ಬಳಿಯ ಸೆನ್ಸರ್‌ಗಳು; ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವುದೂ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನಿಂದಲೇ. ಕ್ಯಾಮ್ ಎಷ್ಟೇ ಹಿಂದೆ ಬಿದ್ದಿರಲಿ, ಕಿಡಿ ಮಾತ್ರ ತನ್ನ ಹೊತ್ತಿಗೆ ಹಾರುತ್ತದೆ. ಇದು ಹೊಳೆಯುವಷ್ಟರಲ್ಲಿ ಎರಡು ಸಂಜೆ ಕಳೆದಿದ್ದವು. ಇನ್‌ಟೇಕ್‌ಗೆ ಹೊಗೆ ಬಿಟ್ಟು ಗಾಳಿಸೋರಿಕೆ ನೋಡಿದೆ, ಎಲ್ಲೂ ಇರಲಿಲ್ಲ.

ಆಮೇಲೆ ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರಿನೊಳಗಿನ ಒತ್ತಡ, ಅಳೆದೆ. ಬಲಸಾಲಿನ 4, 5, 6ರಲ್ಲಿ 10.5ರಿಂದ 10.7 ಬಾರ್, ಎಡಸಾಲಿನ 1, 2, 3ರಲ್ಲಿ 9.7ರಿಂದ 9.9. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವ ಲೀಕ್‌ಡೌನ್ ಪರೀಕ್ಷೆಯಲ್ಲಿ ಆರೂ ಸಿಲಿಂಡರ್‌ಗಳು ಶೇಕಡಾ 4ರಿಂದ 6ರ ಒಳಗೇ ಇದ್ದವು. ಈ ಎರಡನ್ನೂ ಜೊತೆಗಿಟ್ಟು ನೋಡಿದಾಗ ದಾರಿ ಕಂಡಿತು. ರಿಂಗ್ ಅಥವಾ ವಾಲ್ವ್ ಕೆಟ್ಟಿದ್ದರೆ ಗಾಳಿ ಸೋರಬೇಕಿತ್ತು, ಅದೂ ಮೂರರಲ್ಲಿ ಒಂದೇ ಅಳತೆಯಲ್ಲಿ ಸೋರುವುದು ಅಪರೂಪ. ಸೋರಿಕೆಯಿಲ್ಲದೆ ಇಡೀ ಸಾಲಿನ ಒತ್ತಡ ಒಟ್ಟಿಗೆ ಇಳಿದಿದೆಯೆಂದರೆ ಒಳಬರುವ ವಾಲ್ವ್ ತಡವಾಗಿ ಮುಚ್ಚುತ್ತಿದೆ, ಪಿಸ್ಟನ್ ಮೇಲೇರುವಾಗ ಸ್ವಲ್ಪ ಗಾಳಿಯನ್ನು ಬಂದ ದಾರಿಗೇ ತಳ್ಳುತ್ತಿದೆ. ಎಡ ಕ್ಯಾಮ್ ಹಿಂದುಳಿದಿದೆ.

ನಾಲ್ಕು ಬೋಲ್ಟ್ ಬಿಚ್ಚಿ ಎಂಜಿನ್ನನ್ನು ಗೇರ್‌ಬಾಕ್ಸ್ ಸಮೇತ ಮತ್ತೆ ಇಳಿಸಿದೆವು. 1ನೇ ಸಿಲಿಂಡರಿನ ಇನ್‌ಟೇಕ್ (ಒಳಬರುವ) ವಾಲ್ವ್ ಕ್ಲಿಯರೆನ್ಸನ್ನು, ಅಂದರೆ ಅದರ ಸಡಿಲ ಅಂತರವನ್ನು, 0.10 ಮಿಲಿಮೀಟರಿಗೆ ತಂದು, ವಾಲ್ವಿನ ಸ್ಪ್ರಿಂಗ್ ಹಿಡಿದಿಡುವ ರಿಟೇನರ್ ಮೇಲೆ ಡಯಲ್ ಗೇಜ್ ಕೂರಿಸಿ, ವಾಲ್ವ್ ಪೂರ್ತಿ ಮುಚ್ಚಿದ್ದಾಗ ಸೊನ್ನೆ ಮಾಡಿದೆ. ಅಲ್ಲಿಂದ ಕ್ರ್ಯಾಂಕನ್ನು ಒಂದು ಪೂರ್ಣ ಸುತ್ತು ತಿರುಗಿಸಿ 1ನೇ ಪಿಸ್ಟನ್ ತುತ್ತತುದಿಯಲ್ಲಿದೆಯೆಂದು ತೋರಿಸುವ ಪುಲ್ಲಿಯ ಝಡ್1 ಗುರುತಿಗೆ ತಂದರೆ ವಾಲ್ವ್ 1.1ರಿಂದ 1.4 ಮಿಲಿಮೀಟರ್ ತೆರೆದಿರಬೇಕು. ಗೇಜ್ ತೋರಿಸಿದ್ದು 0.81. ಬಲಸಾಲಿನ 4ನೇ ಸಿಲಿಂಡರಿನಲ್ಲಿ 1.26.

ಆದರೆ ಜೋಡಿಸಿದ ದಿನ ನನ್ನ ಪುಸ್ತಕದಲ್ಲಿ ಎಡಕ್ಕೆ 1.25 ಎಂದೇ ಬರೆದಿದ್ದೆ! ಆ ದಿನ ಸರಿಯಿದ್ದದ್ದು ಈಗೇಕೆ ಜಾರಿತು? ಚೈನು ಕ್ಯಾಮನ್ನು ತಿರುಗಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್‌ನ ಪಿನ್ ಅಲುಗಿರಲಿಲ್ಲ, ನಟ್ಟೂ ಸಡಿಲವಾಗಿರಲಿಲ್ಲ.

ಉತ್ತರ ಕೊಟ್ಟದ್ದು ನೆರವಿಗೆ ಬರುವ ದಾವಣಗೆರೆಯ ಗೆಳೆಯ. ಜೋಡಣೆಯ ದಿನ ಅವನು ಮೊಬೈಲಿನಲ್ಲಿ ವಿಡಿಯೊ ತೆಗೆದಿದ್ದ. ಅದನ್ನು ಮೂರನೆಯ ಸಲ ನೋಡುತ್ತಿದ್ದಾಗ, "ಅಣ್ಣಾ, ಇಲ್ಲಿ ಗುರುತು ದಾಟಿಹೋಗಿದೆ, ನೀವು ಸ್ವಲ್ಪ ಹಿಂದಕ್ಕೆ ತಿರುಗಿಸುತ್ತಿದ್ದೀರಿ ನೋಡಿ" ಎಂದ. ಹೌದು. ಝಡ್1 ದಾಟಿದ ಮೇಲೆ ಸ್ಪ್ಯಾನರನ್ನು ಬೆರಳಗಲ ಹಿಂದಕ್ಕೆ ತಂದಿದ್ದೆ. ಚೈನನ್ನು ಬಿಗಿಯಾಗಿಡಲು ಹಾಕಿದ್ದು ಎಣ್ಣೆಯ ಒತ್ತಡದಿಂದ ನಡೆಯುವ ಟೆನ್ಶನರ್. ಎಂಜಿನ್ ಓಡದಾಗ ಅದರಲ್ಲಿ ಒತ್ತಡವಿಲ್ಲ, ಒಳಗಿನ ಸ್ಪ್ರಿಂಗ್ ಒಂದೇ ಆಸರೆ. ಕ್ರ್ಯಾಂಕ್ ಹಿಂದೆ ಸರಿಯಿತು, ಚೈನಿನ ಎಳೆಯುವ ಬದಿ ಸಡಿಲವಾಯಿತು, ಕ್ಯಾಮ್ ಇದ್ದಲ್ಲೇ ನಿಂತಿತು. ಹಾಗಾಗಿ ನಾನು ಓದಿದ 1.25 ಕ್ಯಾಮ್ ಮುಂದಿರುವಂತೆ ತೋರಿದ ಸುಳ್ಳು ಅಂಕಿ.

ಈ ಸಲ ಟೆನ್ಶನರ್ ಜಾಗದಲ್ಲಿ ತಿರುಪಿನಿಂದ ಬಿಗಿಯುವ ತಾತ್ಕಾಲಿಕ ಟೆನ್ಶನರ್ ಹಾಕಿದೆವು. ಗುರುತು ಕೂದಲೆಳೆಯಷ್ಟು ದಾಟಿದರೂ ಹಿಂದಕ್ಕೆ ತರದೆ ಮತ್ತೆ ಎರಡು ಸುತ್ತು ಮುಂದಕ್ಕೇ ತಿರುಗಿಸಿದೆವು. ಸ್ಪ್ರಾಕೆಟ್ ಕೂರುವ ಕ್ಯಾಮಿನ ಫ್ಲಾಂಜ್‌ನಲ್ಲಿ 16 ರಂಧ್ರ, ಸ್ಪ್ರಾಕೆಟ್‌ನಲ್ಲಿ 17. ಒಂದು ಮಾತ್ರ ಎದುರುಬದುರಾಗಿ ಕೂಡುತ್ತದೆ, ಪಿನ್ ಅಲ್ಲಿಗೆ. ಪಕ್ಕದ ರಂಧ್ರಕ್ಕೆ ಹೋದರೆ ಕ್ಯಾಮ್ ಬದಲಾಗುವುದು 1.3 ಡಿಗ್ರಿಯಷ್ಟೇ. ಇಷ್ಟು ಸರಳ ಲೆಕ್ಕದಲ್ಲಿ ಇಷ್ಟು ಸೂಕ್ಷ್ಮವನ್ನು ಹಿಡಿದಿಟ್ಟವರ ಬಗ್ಗೆ ನನಗೆ ನಿಜವಾದ ಗೌರವ. ನಟ್ ಬಿಗಿದ ಮೇಲೆ ಮೂರು ಸಲ ಅಳೆದೆ: 1.24, 1.25, 1.24. ಈ ಎಂಜಿನ್ನಿನಲ್ಲಿ ಟೈಮಿಂಗ್ ಬಹಳ ತಪ್ಪಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಅದಕ್ಕೇ ಸ್ಟಾರ್ಟರ್ ಮುಟ್ಟುವ ಮೊದಲು ಕೈಯಿಂದಲೇ ನಿಧಾನವಾಗಿ ನಾಲ್ಕು ಸುತ್ತು ತಿರುಗಿಸಿ, ಎಲ್ಲೂ ತಡೆಯಿಲ್ಲವೆಂದು ಖಚಿತಪಡಿಸಿಕೊಂಡೆ.

ನಿನ್ನೆ ಎಂಜಿನ್ ನೆಲದ ಮೇಲಿದ್ದಂತೆಯೇ ಬ್ಯಾಟರಿ ಕೊಟ್ಟು ಕಂಪ್ರೆಷನ್ ಅಳೆದೆವು. ಎಡಸಾಲು: 10.5, 10.6, 10.5. ಶನಿವಾರ ಗಾಡಿಗೆ ಏರಿಸುತ್ತೇವೆ.