ಮರಿ ಕಚ್ಚುತ್ತದೆ ಅಂದರೆ ನಾನು ಮೊದಲು ಕೇಳೋದು ಮನೆಯವರ ಬಗ್ಗೆ

ಕೋಲಾರದ ಹತ್ತಿರದ ಒಂದು ಪಶು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಇಲ್ಲಿಗೆ ಬರೋದು ಜಾಸ್ತಿ ಸೀಮೆಹಸುಗಳೇ. ಆದರೆ ಈಗೀಗ ನಾಯಿಮರಿ ಎತ್ತಿಕೊಂಡು ಬರುವವರೂ ಕಡಿಮೆ ಏನಿಲ್ಲ. ಲಸಿಕೆ ಹಾಕಿಸಿ ಹೊರಡುವಾಗ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ: "ಸಾರ್, ಇದು ಎಲ್ಲರನ್ನೂ ಕಚ್ತೈತೆ, ಏನ್ ಮಾಡೋದು?"

ಮರಿಗೆ ಕೈ ಇಲ್ಲ. ಏನು ಹಿಡಿಯಬೇಕಾದರೂ ಬಾಯಲ್ಲೇ ಹಿಡಿಯಬೇಕು. ಹಾಲುಹಲ್ಲು 28, ಎಲ್ಲವೂ ಸೂಜಿಮೊನೆಯ ಹಾಗೆ. ನಾಲ್ಕು ತಿಂಗಳಿಂದ ಅವು ಉದುರಿ 42 ಹೊಸ ಹಲ್ಲು ಬರುತ್ತವೆ. ಆಗಂತೂ ವಸಡು ನೋವಿಗೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನೋದನ್ನು ಅದು ಜೊತೆಗೆ ಹುಟ್ಟಿದ ಮರಿಗಳಿಂದ ಕಲಿಯುತ್ತದೆ. ಕಚ್ಚಿಸಿಕೊಂಡ ಮರಿ ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ, ಅಷ್ಟೇ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿ ತಂದರೆ ಆ ಕಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಉಳಿದದ್ದನ್ನು ಮನೆಯವರೇ ಕಲಿಸಬೇಕು.

ಹಲ್ಲು ತಾಗಿದ ತಕ್ಷಣ ಆಟ ನಿಲ್ಲಿಸಿ. ಕೈ ರಪ್ಪನೆ ಎಳೆದುಕೊಳ್ಳಬೇಡಿ, ಎಳೆದಷ್ಟೂ ಅದಕ್ಕೆ ಹುರುಪು. ಕೈ ಸಡಿಲ ಬಿಟ್ಟು, ಎದ್ದು ಬೆನ್ನು ತಿರುಗಿಸಿ. ಸ್ವಲ್ಪ ಹೊತ್ತು ಮಾತೂ ಬೇಡ, ನೋಟವೂ ಬೇಡ. ಆಮೇಲೆ ಹಳೇ ಬಟ್ಟೆ ಗಂಟು ಹಾಕಿ ಕೊಡಿ. ಅದನ್ನು ಕಚ್ಚಿದರೆ ಮುದ್ದು ಮಾಡಿ.

ಇಷ್ಟು ಹೇಳಿ ಕಳಿಸಿದರೂ ಕೆಲವರು ಅದೇ ದೂರು ಹೊತ್ತು ಮತ್ತೆ ಬರುತ್ತಾರೆ. ಅಂಥ ಒಂದು ಮನೆಯವರನ್ನು ಕೂರಿಸಿ, "ನೀವು ಯಾರ್ಯಾರು ಹೇಗೆ ಆಡಿಸ್ತೀರಿ, ತೋರಿಸಿ" ಅಂದೆ. ಹುಡುಗಿ ಮರಿಯ ಮೂತಿ ಮುಂದೆ ಬೆರಳು ಆಡಿಸಿದಳು. ಅವಳ ಮುಂಗೈ ತುಂಬಾ ಕೆಂಪು ಗೀರುಗಳು. ಮರಿ ಬೆರಳು ಹಿಡಿಯಿತು. ಅವರಪ್ಪ ಮೂತಿಗೆ ಒಂದು ಏಟು ಹಾಕಿದರು. "ಬಿಡಪ್ಪಾ, ಏನೂ ಅರಿಯದ್ದು" ಅಂತ ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಿಸ್ಕತ್ತು ಕೊಟ್ಟರು. ಒಂದು ಕಚ್ಚಿಗೆ ಮೂರು ಉತ್ತರ. ಮರಿ ಯಾವುದನ್ನು ನಂಬಬೇಕು?

ಅವತ್ತಿಂದ ನಾನು ಮರಿಗಿಂತ ಮೊದಲು ಮನೆಯವರನ್ನು ವಿಚಾರಿಸುತ್ತೇನೆ. ಸಾಧ್ಯವಾದರೆ ಎಲ್ಲರೂ ಬನ್ನಿ ಅನ್ನುತ್ತೇನೆ. ಹೊಡೆಯೋದು ಮಾತ್ರ ಬೇಡವೇ ಬೇಡ. ಏಟು ತಿಂದ ಮರಿ ಕೈಗೆ ಹೆದರುತ್ತದೆ. ದೊಡ್ಡದಾದ ಮೇಲೆ, ಪ್ರೀತಿಯಿಂದ ಚಾಚಿದ ಕೈಗೂ ಬಾಯಿ ಹಾಕುತ್ತದೆ. ಸಂಜೆ ಮಾತ್ರ ಹುಚ್ಚೆದ್ದು ಕಚ್ಚುತ್ತಿದ್ದರೆ ಅದಕ್ಕೆ ನಿದ್ದೆ ಸಾಲದು ಅಂತ ತಿಳಿಯಿರಿ. ಮಕ್ಕಳನ್ನು ದೂರ ಕಳಿಸಿ, ಮಲಗಲು ಬಿಡಿ.

ಇನ್ನೊಂದು ಮಾತು. ರೇಬಿಸ್ ಲಸಿಕೆ ಮರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುತ್ತೇವೆ. ಅಲ್ಲಿವರೆಗೆ ಅದಕ್ಕೆ ಲಸಿಕೆಯ ರಕ್ಷಣೆ ಇರೋದಿಲ್ಲ. ಅದಕ್ಕೇ, ಮರಿ ತಾನೇ ಅಂತ ಅದರ ಹಲ್ಲಿನ ಗೀರುಗಾಯವನ್ನು ಸುಮ್ನೆ ಬಿಡಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ.